ಬೋರ್ಡ್‌ವಾಕ್ ಅಂಗಡಿಯ ಹರ್ಮಿಟ್ ಕ್ರ್ಯಾಬ್ ಕಿಟ್: ಏಡಿ ಚಂದ ಉಂಟು, ಯಾವ ಜಾತಿ ಅಂತ ಮಾತ್ರ ಕೇಳ್ಬೇಡಿ

ಐದರಲ್ಲಿ ಎರಡು ಸ್ಟಾರ್. ಆ ಎರಡೂ ಏಡಿಗಳಿಗೆ. ಅಂಗಡಿಯವರ ಪಾಲಿಗೆ ಸೊನ್ನೆ ಅಂದ್ರೆ ಸ್ವಲ್ಪ ಜಾಸ್ತಿ ಆದೀತೋ ಏನೋ, ಆದ್ರೆ ಅದರ ಹತ್ತಿರವೇ. ಹೆಸರು ಹಾಕ್ಲಿಕ್ಕೆ ಹೋಗುದಿಲ್ಲ, ನ್ಯೂಜೆರ್ಸಿ ಸಮುದ್ರದ ಬದಿ ಹಲಗೆ ಹಾಸಿದ ನಡೆದಾರಿ, ಅಂದ್ರೆ ಬೋರ್ಡ್‌ವಾಕ್ ಇರುವ ಯಾವ ಊರಿಗೆ ಬೇಸಿಗೆಯಲ್ಲಿ ಹೋದ್ರೂ ಇದೇ ತರದ ಅಂಗಡಿ ಸಿಗ್ತದೆ, ಒಂದು ಬದಿ ಸಾಲ್ಟ್ ವಾಟರ್ ಟ್ಯಾಫಿ, ಇನ್ನೊಂದು ಬದಿ ಟೀಶರ್ಟು, ಮಧ್ಯದಲ್ಲಿ ತಂತಿ ಪಂಜರದ ಒಳಗೆ ಬಣ್ಣ ಬಣ್ಣದ ಚಿಪ್ಪು ಹೊತ್ತುಕೊಂಡು ಒಂದರ ಮೇಲೊಂದು ಹತ್ತುವ ಹರ್ಮಿಟ್ ಕ್ರ್ಯಾಬ್, ಅಂದ್ರೆ ಖಾಲಿ ಚಿಪ್ಪಿನಲ್ಲಿ ವಾಸ ಮಾಡುವ ಸನ್ಯಾಸಿ ಏಡಿಗಳು, ಮೇಲೆ ದೊಡ್ಡ ಬೋರ್ಡು: ಏಡಿ ಫ್ರೀ! ಕೆಳಗೆ ಸಣ್ಣ ಅಕ್ಷರದಲ್ಲಿ, ಪಂಜರದ ಕಿಟ್ ತಗೊಂಡ್ರೆ.

ನಮ್ಮ ಮಗನ ಕ್ಲಾಸಿನ ಅರ್ಧ ಮಕ್ಕಳ ಮನೆಯಲ್ಲಿ ಉಂಟಂತೆ ಇದು, ಹಾಗಾಗಿ ನಮ್ಮ ಮನೆಗೂ ಬರ್ಬೇಕು. ಊರಿಗೆ ಫೋನ್ ಮಾಡಿ ಹೇಳಿದ್ರೆ ಅಮ್ಮ, "ಎಂತ ಮಾರಾಯ, ಡೆಂಜಿ ಸಾಕ್ಲಿಕ್ಕೆ ಡಾಲರ್ ಕೊಟ್ಯಾ? ಇಲ್ಲಿ ಮಳೆ ಬಂದ್ರೆ ಜಗಲಿಗೇ ಬರ್ತದೆ" ಅಂತ ನಗಾಡಿದ್ದು ಇನ್ನೂ ನಿಲ್ಲಿಸ್ಲಿಲ್ಲ. ಏಡಿ ಅಂದ್ರೆ ಸುಕ್ಕ ಮಾಡುವ ವಸ್ತು ಅಂತ ತಿಳ್ಕೊಂಡು ಬೆಳೆದ ಮನೆ ನಮ್ಮದು, ಏನು ಹೇಳುದು.

ಈಗ ವಿಷಯಕ್ಕೆ ಬರ್ತೇನೆ. ನಾನು ಅಂಗಡಿಯಲ್ಲಿ ಕೇಳಿದ್ದು ಒಂದೇ ಪ್ರಶ್ನೆ, ಇದು ಯಾವ ಸ್ಪೀಶೀಸ್? ಕೌಂಟರ್‌ನಲ್ಲಿದ್ದ ಹುಡುಗ, ಪಾಪ ಬೇಸಿಗೆ ರಜೆಯ ಕೆಲಸಕ್ಕೆ ಬಂದ ಕಾಲೇಜ್ ಹುಡುಗ, "ಹರ್ಮಿಟ್ ಕ್ರ್ಯಾಬ್" ಅಂದ. ಅದು ಸರಿ, ಯಾವ ಹರ್ಮಿಟ್ ಕ್ರ್ಯಾಬ್? "ಲ್ಯಾಂಡ್ ಹರ್ಮಿಟ್ ಕ್ರ್ಯಾಬ್." ಎಲ್ಲಿಂದ ಬಂದದ್ದು ಅಂದ್ರೆ ಕೈ ಸಮುದ್ರದ ಕಡೆ ತೋರಿಸಿದ. ಅಲ್ಲಿಗೆ ಮುಗೀತು. ಕಿಟ್ ಒಳಗಿನ ಮಡಚಿದ ಚೀಟಿಯಲ್ಲೂ ಜಾತಿಯ ಹೆಸರು ಇಲ್ಲ, ಈಜಿ ಪೆಟ್, ವಾರಕ್ಕೊಮ್ಮೆ ನೀರು ಹಾಕಿ, ಮಕ್ಕಳಿಗೆ ಒಳ್ಳೇದು ಅಂತ ಉಂಟು ಅಷ್ಟೆ.

ಕೈ ಸಮುದ್ರದ ಕಡೆ ತೋರಿಸಿದ್ದು ಅಪ್ಪಟ ಸುಳ್ಳು ಅಂತ ಹೇಳ್ಲಿಕ್ಕೆ ತುಂಬ ಓದಿರ್ಬೇಕು ಅಂತ ಇಲ್ಲ, ಬೋರ್ಡ್‌ವಾಕ್‌ನಿಂದ ಇಳಿದು ನೀರಿನ ಹತ್ತಿರ ಹೋಗಿ ನೋಡಿದ್ರೆ ಸಾಕು. ಜೆರ್ಸಿಯ ನೀರಿನಲ್ಲಿ ಹೆಚ್ಚಾಗಿ ಕಾಣುವ ಸನ್ಯಾಸಿ ಏಡಿ ಪಗುರಸ್ ಲಾಂಗಿಕಾರ್ಪಸ್, ಸಣ್ಣದು, ಉದ್ದ ಕೈಯದ್ದು, ಅದರ ಬಲಗೈ ದೊಡ್ಡದು, ಮತ್ತೆ ಅದು ಸಮುದ್ರದ ನೀರಿನ ಒಳಗೇ ಬದುಕುವ ಜೀವ. ಅಂಗಡಿಯ ಪಂಜರದಲ್ಲಿ ಇರುದು ಸೀನೋಬಿಟಾ ಅನ್ನುವ ಬೇರೆಯೇ ಕುಲ, ಅದರಲ್ಲಿ ಯಾವಾಗಲೂ ಎಡಗೈಯೇ ದೊಡ್ಡದು, ಬೆಳೆದ ಮೇಲೆ ನೆಲದ ಮೇಲೆಯೇ ವಾಸ, ಮೊಟ್ಟೆಯ ಮರಿ ಬಿಡ್ಲಿಕ್ಕೆ ಮಾತ್ರ ಹೆಣ್ಣು ಸಮುದ್ರಕ್ಕೆ ಇಳೀತದೆ. ಅದಕ್ಕೆ ಜೆರ್ಸಿ ಚಳಿಯಲ್ಲಿ ಹೊರಗೆ ಒಂದು ವಾರ ಬದುಕ್ಲಿಕ್ಕೆ ಸಾಧ್ಯವೇ ಇಲ್ಲ. ಅದು ಬಿಸಿ ದೇಶದ್ದು, ಹಿಡಿದು ತಂದದ್ದು, ಕಾಡಿನದ್ದೇ. ಸಾಕಿ ಮರಿ ಮಾಡಿಸಿ ಮಾರುವ ವ್ಯಾಪಾರ ಅಂತ ಹೇಳುವಷ್ಟು ಇಲ್ಲಿ ಯಾರೂ ಮಾಡುದಿಲ್ಲ, ಯಾಕಂದ್ರೆ ಮರಿಗಳು ಶುರುವಿಗೆ ಸಮುದ್ರದ ನೀರಿನಲ್ಲಿ ತೇಲಿಕೊಂಡು ಹಂತ ಹಂತವಾಗಿ ರೂಪ ಬದಲಾಯಿಸಿ ಆಮೇಲೆ ಚಿಪ್ಪು ಹುಡುಕಿ ನೆಲಕ್ಕೆ ಬರುದು, ಅದನ್ನು ಮನೆಯ ಟ್ಯಾಂಕಿನಲ್ಲಿ ದಾಟಿಸುದು ಭಯಂಕರ ಕಷ್ಟ.

ಸರಿ, ಹಾಗಾದ್ರೆ ಯಾವುದು? ಲೋಕದಲ್ಲಿ ಈ ಸೀನೋಬಿಟಾ ಕುಲದಲ್ಲಿ ಹದಿನೈದಕ್ಕೂ ಹೆಚ್ಚು ಜಾತಿ ಉಂಟು. ಅಮೆರಿಕದ ಅಂಗಡಿಯಲ್ಲಿ ಸಿಗುದು ಹೆಚ್ಚಾಗಿ ಎರಡು. ಒಂದು ಸೀನೋಬಿಟಾ ಕ್ಲಿಪಿಯೇಟಸ್, ಸಾಕುವವರೆಲ್ಲ ಪರ್ಪಲ್ ಪಿಂಚರ್ ಅಂತ, ಇನ್ನೂ ಉದಾಸೀನ ಆದ್ರೆ ಪೀಪೀ ಅಂತ ಕರೀತಾರೆ, ಫ್ಲೋರಿಡಾದಿಂದ ಹಿಡಿದು ಕೆರಿಬಿಯನ್ ದ್ವೀಪಗಳು, ಕೆಳಗೆ ವೆನೆಜುವೆಲಾ ಕಡೆವರೆಗೆ. ಇನ್ನೊಂದು ಸೀನೋಬಿಟಾ ಕಂಪ್ರೆಸಸ್, ಇಕ್ವಡೋರಿಯನ್ ಅಂತ ಕರೆಯುದು, ಅದು ಆ ಕಡೆಯ ಸಮುದ್ರ, ಪೆಸಿಫಿಕ್, ಮೆಕ್ಸಿಕೋದಿಂದ ಕೆಳಗೆ. ನಮ್ಮ ಅಂಗಡಿಯವರು ಎರಡನ್ನೂ ಒಂದೇ ಪಂಜರಕ್ಕೆ ಸುರಿದಿದ್ದಾರೆ. ಒಟ್ಟಿಗೆ ಇಟ್ರೆ ಜಗಳ ಮಾಡಿ ಸಾಯ್ತವೆ ಅಂತ ಅಲ್ಲ, ಎರಡೂ ಒಟ್ಟಿಗೆ ಬದುಕ್ತವೆ, ಆದ್ರೆ ಎರಡಕ್ಕೂ ಬೇಕಾದ್ದು ಪೂರ್ತಿ ಒಂದೇ ಅಲ್ಲ. ಅದನ್ನು ಹೇಳ್ಬೇಕಾದ್ದು ಮಾರುವವನ ಕೆಲಸ ಅಂತ ನನ್ನ ವಾದ. ನಾಯಿ ಮಾರುವವ ಲ್ಯಾಬ್ರಡಾರೋ ಪಗ್ಗೋ ಗೊತ್ತಿಲ್ಲ ಅಂದ್ರೆ ಯಾರಾದ್ರೂ ತಗೊಳ್ತಾರಾ?

ಗುರ್ತ ಹಿಡಿಯುದು ಹೇಗೆ ಅಂತ ಬರೀತೇನೆ, ಅಂಗಡಿಯಲ್ಲಿ ನಿಂತುಕೊಂಡೇ ಮಾಡ್ಲಿಕ್ಕೆ ಆಗ್ತದೆ. ಮೊದಲು ಕಣ್ಣು. ಪರ್ಪಲ್ ಪಿಂಚರ್‌ನ ಕಣ್ಣು ಕಾಳುಮೆಣಸಿನ ಹಾಗೆ ಗುಂಡಗೆ, ಕಪ್ಪು. ಇಕ್ವಡೋರಿಯನ್‌ನ ಕಣ್ಣು ಉದ್ದುದ್ದ, ಮೊಟ್ಟೆಯಾಕಾರ ಅಂತ ಹೇಳ್ಬಹುದು, ಎದುರಿನಿಂದ ನೋಡಿದ್ರೆ ಸ್ವಲ್ಪ ಸಿಟ್ಟು ಬಂದವರ ಮುಖ. ಒಮ್ಮೆ ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಿದ್ರೆ ಮತ್ತೆ ಜನ್ಮದಲ್ಲಿ ತಪ್ಪುದಿಲ್ಲ, ನನ್ನ ಮಗ ಎರಡನೇ ಕ್ಲಾಸು, ಅವನಿಗೇ ಈಗ ಕಣ್ಣು ನೋಡಿದ ಕೂಡ್ಲೆ ಗೊತ್ತಾಗ್ತದೆ.

ಎರಡನೇದು ದೊಡ್ಡ ಎಡಗೈ. ಪರ್ಪಲ್ ಪಿಂಚರ್‌ಗೆ ಹೆಸರೇ ಹೇಳುವ ಹಾಗೆ ನೇರಳೆ, ಚಿಪ್ಪಿನ ಒಳಗೆ ಹೋದಾಗ ಬಾಗಿಲಿನ ಹಾಗೆ ಅದನ್ನೇ ಅಡ್ಡ ಇಡ್ತದೆ, ಕಾಲುಗಳು ಕಂದು ಕೆಂಪು. ಆದ್ರೆ ಇಲ್ಲಿ ಒಂದು ಮಾತು, ಬಣ್ಣವನ್ನೇ ನಂಬಿ ಕೂತ್ಕೊಳ್ಬೇಡಿ. ಸಣ್ಣ ಪರ್ಪಲ್ ಪಿಂಚರ್‌ಗಳು ಪೇಲವ ಇರ್ತವೆ, ನೇರಳೆ ಅಂತ ಹೇಳ್ಲಿಕ್ಕೆ ಎಂತದೂ ಇರುದಿಲ್ಲ, ಪೊರೆ ಕಳಚಿ ಬಂದ ಮೇಲೆ ಬಣ್ಣ ಬದಲಾಗುದೂ ಉಂಟು. ಇಕ್ವಡೋರಿಯನ್ ಅಂತೂ ಬಣ್ಣದ ವಿಷಯದಲ್ಲಿ ಪಕ್ಕಾ ಮೋಸಗಾರ, ಮಣ್ಣು ಬಣ್ಣ, ಹಳದಿ, ಬೂದಿ, ಕಿತ್ತಳೆ, ಕೆಲವು ನೀಲಿ ಮಿಶ್ರ, ಒಂದೇ ಪಂಜರದಲ್ಲಿ ನಾಲ್ಕು ಬಣ್ಣ ನೋಡಿ ನಾಲ್ಕು ಜಾತಿ ಅಂತ ತಿಳ್ಕೊಳ್ಳುವವರು ಇದ್ದಾರೆ. ಅದರ ದೊಡ್ಡ ಕೈಯ ಮೇಲ್ಭಾಗದಲ್ಲಿ ನಾಲ್ಕೈದು ಏಣು ಸಾಲಾಗಿ ಇರ್ತದೆ, ಮತ್ತೆ ತಲೆಯ ಎರಡು ಬದಿ, ನಮ್ಮ ಕೆನ್ನೆ ಇರುವಲ್ಲಿ ಅಂತ ತಿಳ್ಕೊಳ್ಳಿ, ಗಾಢ ಪಟ್ಟೆ ಕಾಣ್ತದೆ. ಕಾಲಿನ ತುದಿ ಗಾಢ ಬಣ್ಣ. ಮೀಸೆ ಕಂದು. ಪರ್ಪಲ್ ಪಿಂಚರ್‌ನ ಮೀಸೆ ಕಿತ್ತಳೆ ಕಡೆ ಹೋಗ್ತದೆ.

ಇನ್ನೊಂದು ಲಕ್ಷಣ ಓಟ. ಇಕ್ವಡೋರಿಯನ್ ಓಡ್ತದೆ ಮಾರಾಯ್ರೆ. ಅಂಗಡಿಯ ಹುಡುಗ ಒಂದನ್ನು ನನ್ನ ಕೈಗೆ ಇಟ್ಟ ಕೂಡ್ಲೆ ಮೊಣಕೈ ದಾಟಿ ಹೋಗಿತ್ತು, ಇನ್ನೊಂದು ಅಂಗೈಯಲ್ಲಿ ಕೂತು ಯೋಚನೆ ಮಾಡ್ತಾ ಇತ್ತು, ಅದು ಪರ್ಪಲ್ ಪಿಂಚರ್. ಇದು ವಿಜ್ಞಾನಿಗಳು ಒಪ್ಪುವ ಲಕ್ಷಣ ಅಲ್ಲ ಬಿಡಿ, ಆದ್ರೆ ಕಣ್ಣು ನೋಡಿ ಸಂಶಯ ಬಂದ್ರೆ ಇದು ಸಾಕ್ಷಿಗೆ ಆಗ್ತದೆ. ಒಂದು ವಿಷಯ ಮಾತ್ರ ದಮ್ಮಯ್ಯ ನೆನಪಿಡಿ, ಗುರ್ತ ಹಿಡಿಯಬೇಕು ಅಂತ ಏಡಿಯನ್ನು ಚಿಪ್ಪಿನಿಂದ ಹೊರಗೆ ಎಳೀಬೇಡಿ. ಅದು ಬಿಡುದಿಲ್ಲ, ಮೈ ಹರಿದು ಹೋದ್ರೂ ಬಿಡುದಿಲ್ಲ. ಹೊಟ್ಟೆಯ ಭಾಗ ಮೆತ್ತಗೆ, ಸುರುಳಿ, ಹಿಂದಿನ ಸಣ್ಣ ಕಾಲುಗಳಿಂದ ಚಿಪ್ಪನ್ನು ಒಳಗಿಂದ ಗಟ್ಟಿ ಹಿಡ್ಕೊಂಡಿರ್ತದೆ. ಪಾರದರ್ಶಕ ಪ್ಲಾಸ್ಟಿಕ್ ಮುಚ್ಚಳದ ಮೇಲೆ ಬಿಟ್ಟು ಕೆಳಗಿನಿಂದ ಫೋಟೋ ತೆಗೀರಿ, ಹೊರಗೆ ಬಂದು ನಡೆಯುವಾಗ ಗಂಡೋ ಹೆಣ್ಣೋ ಅಂತಲೂ ಅದೃಷ್ಟ ಇದ್ರೆ ಕಾಣ್ತದೆ, ಹೆಣ್ಣಿಗೆ ನಡೆಯುವ ಕೊನೆಯ ಜೋಡಿ ಕಾಲಿನ ಬುಡದಲ್ಲಿ ಎರಡು ಸಣ್ಣ ತೂತು ಇರ್ತದೆ.

ಫೋಟೋ ಅಂದ ಕೂಡ್ಲೆ ಆ್ಯಪ್ ನೆನಪಾಗ್ತದೆ ಎಲ್ಲರಿಗೂ. ಫೋಟೋ ಹಾಕಿ ಜೀವಿಯ ಗುರ್ತ ಹಿಡಿಯುವ ಐನ್ಯಾಚುರಲಿಸ್ಟ್ ಇದಕ್ಕೆ ಒಳ್ಳೇದು, ಆದ್ರೆ ಬಳಸುವ ರೀತಿ ಉಂಟು. 2008ರಲ್ಲಿ ಬರ್ಕ್ಲಿಯ ವಿದ್ಯಾರ್ಥಿಗಳ ಪ್ರಾಜೆಕ್ಟ್ ಆಗಿ ಶುರುವಾದದ್ದು, ಅದರ ಮುಖ್ಯ ಉದ್ದೇಶ ಕಾಡಿನಲ್ಲಿ ತಾನಾಗಿ ಬದುಕುವ ಜೀವಗಳ ದಾಖಲೆ. ಹಾಗಾಗಿ ಮನೆಯ ಟ್ಯಾಂಕಿನ ಏಡಿ ಹಾಕಿದ್ರೆ ಸಾಕಿದ್ದು ಅಂತ ಗುರ್ತು ಹಾಕ್ಬೇಕು, ಆಗ ಅದು ಕ್ಯಾಶುವಲ್ ದರ್ಜೆಗೆ ಹೋಗ್ತದೆ, ಸಂಶೋಧನೆಗೆ ಬಳಸುವ ರಿಸರ್ಚ್ ಗ್ರೇಡ್ ಆಗುದಿಲ್ಲ. ಅದು ನ್ಯಾಯವೇ, ಇಲ್ಲದಿದ್ರೆ ಕೆರಿಬಿಯನ್ ಏಡಿ ನ್ಯೂಜೆರ್ಸಿಯ ನಕ್ಷೆಯಲ್ಲಿ ಬಂದು ಕೂರ್ತದೆ. ನಾನು ಅದನ್ನು ಉಲ್ಟಾ ಬಳಸುದು: ಕ್ಲಿಪಿಯೇಟಸ್ ಅಂತ ಹುಡುಕಿ ಪೋರ್ಟೊ ರಿಕೋದ ಕಾಡಿನ ಫೋಟೋ, ಕಂಪ್ರೆಸಸ್ ಅಂತ ಹುಡುಕಿ ಕೋಸ್ಟರಿಕಾದ ಬೀಚಿನ ಫೋಟೋ, ಎರಡನ್ನೂ ತೆರೆದಿಟ್ಟು ನಮ್ಮ ಏಡಿಯ ಕಣ್ಣು, ಎಡಗೈ, ಮೀಸೆ ಮೂರನ್ನು ಹೋಲಿಸುದು. ಹಗಲು ಬೆಳಕಿನಲ್ಲಿ, ಎದುರಿನಿಂದ ಒಂದು, ಎಡ ಬದಿಯಿಂದ ಒಂದು ಫೋಟೋ ಇದ್ರೆ ಸಾಕು. ಮೇಲಿನಿಂದ ಚಿಪ್ಪಿನ ಫೋಟೋ ತೆಗೆದು ಇದು ಯಾವ ಜಾತಿ ಅಂತ ಕೇಳುವವರಿಗೆ ಎಂತ ಹೇಳುದು, ಚಿಪ್ಪು ಏಡಿಯದ್ದೇ ಅಲ್ಲವಲ್ಲ, ಯಾವುದೋ ಶಂಖದ ಹುಳ ಬಿಟ್ಟು ಹೋದದ್ದು.

ಇನ್ನು ಈ ಎರಡಲ್ಲದ ಜಾತಿ ಸಿಕ್ಕಿದ್ರೆ? ಕೆಲವೊಮ್ಮೆ ಇಂಡೋ ಪೆಸಿಫಿಕ್ ಕಡೆಯದ್ದೂ ಇಲ್ಲಿಗೆ ಬರ್ತದೆ. ಪೂರ್ತಿ ಕೆಂಪು, ಮೈಮೇಲೆ ಬಿಳಿ ಚುಕ್ಕೆ ಇದ್ರೆ ಅದು ಪರ್ಲೇಟಸ್, ಸ್ಟ್ರಾಬೆರಿ ಅಂತ ಮಾರುದು, ನೋಡ್ಲಿಕ್ಕೆ ಭಾರೀ ಚಂದ, ಸಾಕ್ಲಿಕ್ಕೆ ಭಾರೀ ಕಷ್ಟ, ಶುರುವಿಗೇ ಅದಕ್ಕೆ ಕೈ ಹಾಕ್ಬೇಡಿ. ದೊಡ್ಡ ಎಡಗೈಯ ಮೇಲೆ ಹೊಲಿಗೆ ಹಾಕಿದಂಥ ಓರೆ ಗೆರೆಗಳ ಸಾಲು ಇದ್ರೆ ರುಗೋಸಸ್. ಇದನ್ನು ಇಕ್ವಡೋರಿಯನ್ ಜೊತೆ ಗೊಂದಲ ಮಾಡುವವರು ಬಹಳ, ಎರಡಕ್ಕೂ ಕಣ್ಣು ಉದ್ದ, ಎರಡಕ್ಕೂ ಬಣ್ಣ ಸಿಕ್ಕಾಪಟ್ಟೆ. ನೇರಳೆ ಬಣ್ಣದ ಭಾರೀ ದೊಡ್ಡ ನುಣುಪು ಎಡಗೈ, ತೆಳ್ಳಗಿನ ಕಣ್ಣಿನ ದಂಟು ಇದ್ರೆ ಬ್ರೆವಿಮಾನಸ್, ಅಂದ್ರೆ ನೇರಳೆ ಕಂಡ ಕೂಡ್ಲೆ ಪರ್ಪಲ್ ಪಿಂಚರ್ ಅಂತ ಹೇಳ್ಲಿಕ್ಕೆ ಆಗುದಿಲ್ಲ. ರುಗೋಸಸ್, ಕೇವಿಪೆಸ್ ಎಲ್ಲ ನಮ್ಮ ಅಂಡಮಾನ್, ಲಕ್ಷದ್ವೀಪ ಕಡೆ ಹೊಯ್ಗೆಯ ಮೇಲೆ ರಾತ್ರಿ ಓಡಾಡುವ ಜಾತಿಗಳೇ, ಮತ್ತೆ ಅವುಗಳದ್ದೇ ಕುಟುಂಬದ ದೈತ್ಯ ತೆಂಗಿನ ಏಡಿ, ಬಿರ್ಗಸ್ ಲ್ಯಾಟ್ರೋ, ಅಂಡಮಾನ್ ನಿಕೋಬಾರಿನಲ್ಲಿ ಉಂಟು, ದೊಡ್ಡದಾದ ಮೇಲೆ ಚಿಪ್ಪೇ ಹಾಕುದಿಲ್ಲ ಅದು, ನಮ್ಮ ವನ್ಯಜೀವಿ ಕಾಯ್ದೆಯ ಒಂದನೇ ಶೆಡ್ಯೂಲಿನಲ್ಲಿ ಹುಲಿಯ ಜೊತೆ ಕೂತಿದೆ. ಮಲ್ಪೆ, ಪಣಂಬೂರು ಬೀಚಿನಲ್ಲಿ ನಾವು ಸಣ್ಣಗಿರುವಾಗ ಹಿಡಿದು ಆಟ ಆಡಿದ್ದು ಸಮುದ್ರದ ಜಾತಿ, ಅದು ಬೇರೆ. ಆಸ್ಟ್ರೇಲಿಯಾದಲ್ಲಿ ಇರುವ ನಮ್ಮವರಿಗೆ ಈ ತಲೆಬಿಸಿಯೇ ಇಲ್ಲ, ಅಲ್ಲಿ ಅಂಗಡಿಯಲ್ಲಿ ಸಿಗುದು ಹೆಚ್ಚಾಗಿ ಅಲ್ಲಿಯದ್ದೇ ವೇರಿಯಾಬಿಲಿಸ್.

ಜಾತಿ ಗೊತ್ತಾದ್ರೆ ಎಂತ ಸಿಕ್ಕಿತು ಅಂತ ಹೆಂಡತಿ ಕೇಳಿದ್ಳು. ಚಿಪ್ಪು! ಇಡೀ ಕಿಟ್‌ನ ದೊಡ್ಡ ತಪ್ಪು ಇಲ್ಲೇ ಇರುದು, ಹಾಗಾಗಿ ಸ್ವಲ್ಪ ಉದ್ದ ಹೇಳ್ತೇನೆ. ಪರ್ಪಲ್ ಪಿಂಚರ್‌ಗೆ ಬಾಯಿ ದುಂಡಗೆ ಇರುವ ಚಿಪ್ಪು ಬೇಕು, ಟರ್ಬೋ ಅಂತ ಸಿಗ್ತದಲ್ಲ ಅದು. ಅದರ ಊರಿನಲ್ಲಿ ಸಿಟೇರಿಯಂ ಪಿಕಾ ಅನ್ನುವ ಶಂಖದ ಹುಳ ಉಂಟು, ದೊಡ್ಡ ಏಡಿಗಳು ಅದರ ಚಿಪ್ಪನ್ನೇ ನಂಬಿ ಬದುಕುದು. ಬರ್ಮುಡಾದಲ್ಲಿ ಜನ ಆ ಹುಳವನ್ನು ತಿಂದು ತಿಂದು ಪೂರ್ತಿ ಮುಗಿಸಿದ್ರು, ಆಮೇಲೆ ಅಲ್ಲಿಯ ಏಡಿಗಳಿಗೆ ಗತಿ ಇಲ್ಲ, ಮಣ್ಣಿನ ಅಡಿಯಿಂದ ಹೊರಬಿದ್ದ ಪಳೆಯುಳಿಕೆ ಚಿಪ್ಪುಗಳನ್ನು, ಸಾವಿರಾರು ವರ್ಷ ಹಳೇದನ್ನು, ಹೊತ್ತುಕೊಂಡು ತಿರುಗ್ತಿದ್ದವು. 1982ರಲ್ಲಿ ಆ ಹುಳವನ್ನು ವಾಪಸ್ ತಂದು ಬಿಟ್ಟ ಮೇಲೆ ಏಡಿಗಳಿಗೂ ಹೊಸ ಮನೆ ಸಿಗ್ಲಿಕ್ಕೆ ಶುರುವಾಯ್ತು. ಇಕ್ವಡೋರಿಯನ್ ಹಾಗಲ್ಲ, ಅದಕ್ಕೆ ಬಾಯಿ ಉದ್ದಕ್ಕೆ, ಇಂಗ್ಲಿಷಿನ ಡಿ ಅಕ್ಷರದ ಆಕಾರದಲ್ಲಿ ಇರುವ ಚಿಪ್ಪು ಇಷ್ಟ, ನೆರೈಟ್ ತರದ್ದು. ಮೈಯೇ ಸ್ವಲ್ಪ ಚಪ್ಪಟೆ, ಕಂಪ್ರೆಸಸ್ ಅಂದ್ರೆ ಅದೇ ಅಲ್ವಾ. ಕೋಸ್ಟರಿಕಾದಲ್ಲಿ ಈ ಜಾತಿಯ ಮೇಲೆ ಮಾರ್ಕ್ ಲೈಡ್ರೆ ಅನ್ನುವ ವಿಜ್ಞಾನಿ ಕೆಲಸ ಮಾಡಿದ್ದಾರೆ, 2012ರಲ್ಲಿ ಪ್ರಕಟ ಆದದ್ದು, ಇವು ಚಿಪ್ಪಿನ ಒಳಗೋಡೆಯನ್ನು ಕೆರೆದು ಕೆರೆದು ಜಾಗ ದೊಡ್ಡದು ಮಾಡ್ಕೊಳ್ತವೆ, ಹಾಗೆ ರಿಪೇರಿ ಆದ ಹಳೇ ಚಿಪ್ಪಿಗೇ ಡಿಮಾಂಡು, ಒಂದರಿಂದ ಇನ್ನೊಂದಕ್ಕೆ ಕೈ ಬದಲಾಗ್ತಾ ಹೋಗ್ತದೆ, ಅದಕ್ಕಾಗಿಯೇ ಗುಂಪು ಸೇರಿ ಒಂದನ್ನೊಂದು ಎಳೆದಾಡ್ತವೆ.

ಇಷ್ಟೆಲ್ಲ ಇರುವಾಗ ಅಂಗಡಿಯವರು ಎಲ್ಲ ಏಡಿಗಳಿಗೂ ಒಂದೇ ಅಳತೆಯ, ಫುಟ್‌ಬಾಲ್ ಟೀಮಿನ ಲೋಗೋ, ಸ್ಪೈಡರ್‌ಮ್ಯಾನ್ ಮುಖ, ಮಿಂಚುವ ಹುಡಿ ಬಳಿದ ಚಿಪ್ಪು ಹಾಕಿಸಿದ್ದಾರೆ. ಈ ಬಣ್ಣ ಏಡಿಗೆ ಒಳ್ಳೇದಲ್ಲ, ಕಿತ್ತು ಬಂದದ್ದನ್ನು ಅದು ತಿಂತದೆ. ಆ ಚಿಪ್ಪಿಗೆ ಏಡಿ ತಾನಾಗಿ ಹೋದದ್ದಾ, ಹಳೇ ಚಿಪ್ಪು ಒಡೆದು ಒತ್ತಾಯದಲ್ಲಿ ಹಾಕಿಸಿದ್ದಾ ಅನ್ನುದು ಈ ವ್ಯಾಪಾರದ ಮೇಲೆ ಮೊದಲಿನಿಂದ ಇರುವ ಆರೋಪ. ನಮ್ಮ ಇಕ್ವಡೋರಿಯನ್‌ಗೆ ಸಿಕ್ಕಿದ್ದು ದುಂಡು ಬಾಯಿಯ ಗುಲಾಬಿ ಚಿಪ್ಪು. ಮನೆಗೆ ತಂದು ಪಕ್ಕದಲ್ಲಿ ಸಾದಾ ಚಿಪ್ಪುಗಳನ್ನು ಇಟ್ಟ ರಾತ್ರಿಯೇ ಗುಲಾಬಿಯನ್ನು ಬಿಟ್ಟು ಹೋಯ್ತು. ಮಗನಿಗೆ ಬೇಜಾರಾಯ್ತು, ಸ್ಪೈಡರ್‌ಮ್ಯಾನ್ ಇದ್ದದ್ದು ಇನ್ನೊಂದರ ಮೇಲೆ, ಅದು ಇನ್ನೂ ಬಿಡ್ಲಿಲ್ಲ.

ಎರಡನೇ ವ್ಯತ್ಯಾಸ ಉಪ್ಪು ನೀರು. ಎಲ್ಲ ಲ್ಯಾಂಡ್ ಹರ್ಮಿಟ್ ಕ್ರ್ಯಾಬಿಗೂ ಸಿಹಿ ನೀರಿನ ಬೋಗುಣಿ ಒಂದು, ಸಮುದ್ರದ ಉಪ್ಪು ಬೆರೆಸಿದ ನೀರಿನ ಬೋಗುಣಿ ಒಂದು, ಎರಡೂ ಬೇಕು. ಇಕ್ವಡೋರಿಯನ್‌ಗೆ ಉಪ್ಪು ನೀರು ಇಲ್ಲದಿದ್ರೆ ಆಗುದೇ ಇಲ್ಲ, ಅದು ಸಮುದ್ರದ ಅಂಚು ಬಿಟ್ಟು ದೂರ ಹೋಗುವ ಜಾತಿ ಅಲ್ಲ. ಪರ್ಪಲ್ ಪಿಂಚರ್ ಒಳನಾಡಿಗೆ ತುಂಬ ದೂರ ನಡೆದು ಹೋಗುವ ಗಿರಾಕಿ. ಕಿಟ್‌ನಲ್ಲಿ ಎಷ್ಟು ಬೋಗುಣಿ ಇತ್ತು ಗೊತ್ತುಂಟಾ, ಒಂದು, ಅದೂ ಬಾಟಲಿ ಮುಚ್ಚಳದಷ್ಟು ಆಳ, ಜೊತೆಗೆ ಒಂದು ತುಂಡು ಸ್ಪಂಜು. ಸ್ಪಂಜಿನಲ್ಲಿ ನೀರು ನಿಂತು ವಾಸನೆ ಬರುದು ಬಿಟ್ರೆ ಬೇರೆ ಪ್ರಯೋಜನ ಇಲ್ಲ. ಅಡಿಗೆ ಉಪ್ಪು ಹಾಕ್ಬೇಡಿ ಮತ್ತೆ, ಅಕ್ವೇರಿಯಂ ಅಂಗಡಿಯಲ್ಲಿ ಸಮುದ್ರದ ಉಪ್ಪು ಅಂತಲೇ ಸಿಗ್ತದೆ, ಇನ್‌ಸ್ಟಂಟ್ ಓಷನ್ ತರದ್ದು. ನಲ್ಲಿ ನೀರಿನ ಕ್ಲೋರಿನ್ ತೆಗೆಯುವ ಹನಿಯೂ ಅಲ್ಲೇ ಸಿಗ್ತದೆ.

ತಂತಿ ಪಂಜರದ ಬಗ್ಗೆ ಬರೀಲಿಕ್ಕೆ ಕೂತ್ರೆ ನನ್ನ ಬಿಪಿ ಏರ್ತದೆ. ಈ ಏಡಿಗಳು ಉಸಿರಾಡುದು ಮಾರ್ಪಾಡಾದ ಕಿವಿರಿನಿಂದ, ಗಾಳಿಯಲ್ಲಿ ತೇವ ಇಲ್ಲದಿದ್ರೆ ನಿಧಾನಕ್ಕೆ ಉಸಿರು ಕಟ್ಟಿ ಸಾಯ್ತವೆ, ಅದಕ್ಕೆ ವಾರಗಟ್ಟಲೆ ಬೇಕಾಗುದರಿಂದ ಜನ ಅಂಗಡಿಯನ್ನು ದೂರುದಿಲ್ಲ, ಏಡಿಯ ಆಯುಷ್ಯವೇ ಅಷ್ಟು ಅಂತ ತಿಳ್ಕೊಳ್ತಾರೆ. ಸರಿಯಾಗಿ ನೋಡಿಕೊಂಡ್ರೆ ಇವು 30 ವರ್ಷ ಬದುಕುವ ಜೀವ! ಮಗ ಮದುವೆ ಆಗಿ ಹೋದ್ರೂ ಏಡಿ ನಮ್ಮ ಹತ್ತಿರ ಇರ್ಬೇಕು ಲೆಕ್ಕಕ್ಕೆ. ತೇವ ಶೇಕಡಾ 75ರಿಂದ 80, ಬಿಸಿ 75ರಿಂದ 85 ಡಿಗ್ರಿ ಫ್ಯಾರನ್‌ಹೀಟ್, ಅಂದ್ರೆ ನಮ್ಮ ಮಂಗಳೂರಿನ ಮಾಮೂಲಿ ಹವೆ. ನಾಲ್ಕೂ ಬದಿ ತೂತಿರುವ ಪಂಜರದಲ್ಲಿ, ಹೀಟರ್ ಹಾಕಿದ ಜೆರ್ಸಿ ಮನೆಯಲ್ಲಿ, ಅದು ಹೇಗೆ ನಿಲ್ತದೆ? ಗಾಜಿನ ಟ್ಯಾಂಕು, ಮೇಲೆ ಗಾಜಿನ ಮುಚ್ಚಳ, ಒಳಗೆ ತೇವ ಅಳೆಯುವ ಡಿಜಿಟಲ್ ಹೈಗ್ರೋಮೀಟರು, ಇದೇ ಬೇಕು.

ಕೆಳಗೆ ಹಾಕ್ಲಿಕ್ಕೆ ಕಿಟ್‌ನಲ್ಲಿ ಬಣ್ಣದ ಜಲ್ಲಿ ಕೊಟ್ಟಿದ್ದಾರೆ, ಅರ್ಧ ಇಂಚು ಆಗ್ಬಹುದು. ಪೊರೆ ಕಳಚುವಾಗ ಏಡಿ ಹೊಯ್ಗೆಯ ಅಡಿಗೆ ಹೋಗಿ ವಾರಗಟ್ಟಲೆ, ದೊಡ್ಡದಾದ್ರೆ ತಿಂಗಳುಗಟ್ಟಲೆ ಮಲಗ್ತದೆ, ಕಳಚಿದ ಪೊರೆಯನ್ನೇ ತಿಂದು ಗಟ್ಟಿಯಾಗಿ ಮೇಲೆ ಬರ್ತದೆ. ಅರ್ಧ ಇಂಚು ಜಲ್ಲಿಯಲ್ಲಿ ಎಲ್ಲಿ ಮಲಗುದು? ಐದು ಪಾಲು ಸಾದಾ ಹೊಯ್ಗೆ, ಒಂದು ಪಾಲು ತೆಂಗಿನ ನಾರಿನ ಹುಡಿ, ಕೈಯಲ್ಲಿ ಹಿಡಿದ್ರೆ ಉಂಡೆ ಕಟ್ಟುವಷ್ಟು ಒದ್ದೆ, ಕಮ್ಮಿ ಅಂದ್ರೆ ಆರು ಇಂಚು ಆಳ ಬೇಕು. ಆ ನಾರಿನ ಹುಡಿ ಇಲ್ಲಿ ಇಟ್ಟಿಗೆ ಆಕಾರದಲ್ಲಿ ಒತ್ತಿ ಮಾರುದು, ಬೆಲೆ ನೋಡಿ ನನಗೆ ನಮ್ಮ ಅಂಗಳದಲ್ಲಿ ಅಪ್ಪ ಬೆಂಕಿಗೆ ಹಾಕ್ತಿದ್ದ ಸಿಪ್ಪೆಯ ರಾಶಿ ಕಣ್ಣ ಮುಂದೆ ಬಂತು. ಅದರಲ್ಲೇ ಮೂರು ಫ್ಲಾಟ್ ಕಟ್ಟಬಹುದಿತ್ತು.

ಊಟಕ್ಕೆ ಕೊಟ್ಟ ಕಾಳುಗಳ ಡಬ್ಬಿ ಹಾಗೇ ಉಂಟು. ಕಿಟ್‌ನ ಡಬ್ಬಿಗಳಲ್ಲಿ ತಾಮ್ರದ ಸಲ್ಫೇಟು, ಎಥಾಕ್ಸಿಕ್ವಿನ್ ಅನ್ನುವ ಕೆಡದಂತೆ ಇಡುವ ರಾಸಾಯನಿಕ ಇರುವ ಸಾಧ್ಯತೆ ಉಂಟು, ಹಿಂದಿನ ಸಣ್ಣ ಅಕ್ಷರ ಓದಿಯೇ ಕೊಡಿ. ನಮ್ಮವು ತೆಂಗಿನಕಾಯಿ ಚೂರು, ಉಪ್ಪು ಹಾಕದ ಒಣ ಸೀಗಡಿ, ಪಪ್ಪಾಯಿ, ಮೊಟ್ಟೆಯ ಸಿಪ್ಪೆ ಹುಡಿ ತಿಂತವೆ. ಒಣ ಸೀಗಡಿ ಅಂದ್ರೆ ಎರಡೂ ಟ್ಯಾಂಕಿನ ಮೂಲೆಯಿಂದ ಎದ್ದು ಬರ್ತವೆ, ನಮ್ಮ ಮನೆಯವರೇ ಸೈ.

ಅಂಗಡಿಯ ಬಗ್ಗೆ ಒಳ್ಳೇದು ಹೇಳ್ಲೇಬೇಕು ಅಂದ್ರೆ, ಹುಡುಗ ಮರ್ಯಾದಸ್ಥ, ಮಕ್ಕಳಿಗೆ ಏಡಿಯನ್ನು ಕೈಗೆ ಕೊಡುವಾಗ ಅಂಗೈ ಬಿಡಿಸಿ ಚರ್ಮ ಬಿಗಿ ಮಾಡಿ ಹಿಡೀಲಿಕ್ಕೆ ಕಲಿಸ್ತಾನೆ, ಆಗ ಚಿವುಟುದು ಕಮ್ಮಿ. ನಾನು ಹೇಳಿದ ಕಣ್ಣಿನ ವ್ಯತ್ಯಾಸ ಕೇಳಿಸಿಕೊಂಡು ತಾನೇ ಪಂಜರದ ಒಳಗೆ ಬಗ್ಗಿ ನೋಡಿ "ಓ ಹೌದಲ್ಲ" ಅಂದ, ಮಾಲೀಕರಿಗೆ ಹೇಳ್ತೇನೆ ಅಂದ. ಹೇಳಿದ್ನೋ ಇಲ್ವೋ. ಓಷನ್ ಸಿಟಿಯಲ್ಲಿ ಬೇಸಿಗೆಯಲ್ಲಿ ಮಿಸ್ ಕ್ರಸ್ಟೇಶಿಯನ್ ಅಂತ ಹರ್ಮಿಟ್ ಕ್ರ್ಯಾಬ್‌ಗಳ ಸೌಂದರ್ಯ ಸ್ಪರ್ಧೆಯೇ ನಡೀತದೆ, ಮಕ್ಕಳು ಏಡಿಗೆ ಅಲಂಕಾರ ಮಾಡಿ ತರ್ತಾರೆ, ಅಷ್ಟು ಪ್ರೀತಿ ಇಟ್ಟ ಜಾಗದಲ್ಲಿ ಜಾತಿಯ ಹೆಸರು ಬರೆದ ಒಂದು ಸ್ಟಿಕ್ಕರ್ ಅಂಟಿಸ್ಲಿಕ್ಕೆ ಆಗುದಿಲ್ಲ ಅಂದ್ರೆ ಅರ್ಥ ಆಗುದಿಲ್ಲ ನಂಗೆ.

ಹೋಗುದಾದ್ರೆ ಹೀಗೆ ಮಾಡಿ. ಮೊದಲೇ ಟ್ಯಾಂಕು ರೆಡಿ ಮಾಡಿಟ್ಟು ಹೋಗಿ. ಕಿಟ್ ಬೇಡ ಏಡಿ ಮಾತ್ರ ಕೊಡಿ ಅಂತ ಕೇಳಿ, ಫ್ರೀ ಅಂತ ಬೋರ್ಡ್ ಇದ್ರೂ ಬಿಡಿಯಾಗಿ ರೇಟ್ ಹೇಳ್ತಾರೆ, ನಮ್ಮ ಹತ್ತಿರ ಮೊದಲು ಇಲ್ಲ ಅಂದು ಆಮೇಲೆ ಹೇಳಿದ್ರು. ಮಧ್ಯಾಹ್ನ ಬೇಡ, ಸಂಜೆ ಮೇಲೆ ಹೋದ್ರೆ ಏಡಿಗಳು ಎಚ್ಚರ ಇರ್ತವೆ, ಕಣ್ಣು ಮೀಸೆ ಹೊರಗೆ ಹಾಕಿ ನಡೀತವೆ, ಗುರ್ತ ಹಿಡೀಲಿಕ್ಕೆ ಸುಲಭ. ಚಿಪ್ಪಿನಿಂದ ಜೋತು ಬಿದ್ದದ್ದು, ಮೀನಿನ ವಾಸನೆ ಬರುವುದು, ಮುಟ್ಟಿದ್ರೂ ಒಳಗೆ ಹೋಗದ್ದು ಬೇಡವೇ ಬೇಡ. ಸಾಕ್ಲಿಕ್ಕೆ ಆಗದೆ ಕೊಟ್ಟುಬಿಡುವವರಿಂದ ದತ್ತು ತಗೊಳ್ಳುವ ದಾರಿಯೂ ಈ ದೇಶದಲ್ಲಿ ಉಂಟು, ಅದು ಸಿಕ್ಕಿದ್ರೆ ಅಂಗಡಿಗೆ ಹೋಗುದೇ ಬೇಡ, ಕಾಡಿನಿಂದ ಇನ್ನೊಂದು ಏಡಿ ಬರುದು ತಪ್ತದೆ, ಕೊಡುವವರಿಗೆ ಯಾವ ಜಾತಿ ಅಂತ ಗೊತ್ತೂ ಇರ್ತದೆ.

ಆ ತಂತಿ ಪಂಜರ ಈಗ ಹಿತ್ತಲಿನಲ್ಲಿ ಬಸಳೆ ಗಿಡದ ಮೇಲೆ ಕವುಚಿ ಇಟ್ಟಿದ್ದೇನೆ, ಮೊಲ ತಿನ್ನುದು ನಿಂತಿದೆ. ಆ ಕೆಲಸಕ್ಕೆ ಐದಕ್ಕೆ ಐದು ಸ್ಟಾರ್.